ಇಂಜಿನ್ ತಣ್ಣಗಿದೆ, ಮುಳ್ಳು ಮಾತ್ರ 120ರಲ್ಲಿ

ಪ್ರಶ್ನೆ: ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಬೋಟ್ ನೀರಿಗಿಳಿಸಿದೆವು. ಕೀಲಿ ತಿರುಗಿಸಿದ ಕೂಡಲೇ ಟೆಂಪರೇಚರ್ ಮೀಟರಿನ ಮುಳ್ಳು 120ಕ್ಕೆ ಹೋಗಿ ನಿಲ್ಲುತ್ತದೆ. ಇಂಜಿನ್ ಮುಟ್ಟಿದರೆ ತಣ್ಣಗಿದೆ. ಹೊಸ ಸೆನ್ಸರ್ ಹಾಕಿದರೂ ಹಾಗೆಯೇ. ಮುಂದೇನು?

ಉತ್ತರ: ಹೊಸ ಸೆನ್ಸರಿನ ದುಡ್ಡು ಬಹುಶಃ ದಂಡ. ನೀರು ಬಿಸಿಯಾಗಲು ಸಮಯ ಬೇಕು. ಕೀಲಿ ತಿರುಗಿಸಿದ ಕ್ಷಣಕ್ಕೇ ಮುಳ್ಳು ಕೊನೆ ಮುಟ್ಟಿದರೆ ಮೊದಲು ಅನುಮಾನಿಸಬೇಕಾದ್ದು ವಯರನ್ನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಟ್ಟಿಹಾಕಿದ ಬೋಟಿನ ಇಂಜಿನ್ ಕೋಣೆಯಲ್ಲಿ ಉಪ್ಪು, ತೇವ, ಇಲಿ ಮೂರೂ ತಮ್ಮ ತಮ್ಮ ಕೆಲಸ ಮುಗಿಸಿರುತ್ತವೆ.

ಒಂದೇ ವಯರಿನ ಸೆನ್ಸರ್ ಎಂದರೆ ಹಿತ್ತಾಳೆ ಮೈಯೊಳಗೆ ಕೂತ ಒಂದು ರೆಸಿಸ್ಟರ್, ಅಷ್ಟೆ. ಬಿಸಿ ಏರಿದಂತೆ ಅದರ ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ. ಮೀಟರಿನಿಂದ ಬಂದ ಕರೆಂಟು ಅದರ ಮೂಲಕ ಇಂಜಿನ್ ಬ್ಲಾಕಿಗೆ, ಅಂದರೆ ಅರ್ಥಿಗೆ ಹೋಗುತ್ತದೆ. ಓಮ್ ಕಡಿಮೆಯಾದಷ್ಟೂ ಮುಳ್ಳು ಮೇಲೇರುತ್ತದೆ. ಇಷ್ಟು ತಿಳಿದರೆ ಅರ್ಧ ರಿಪೇರಿ ಆದಂತೆ: ವಯರ್ ಎಲ್ಲೋ ಅರ್ಥಿಗೆ ತಾಗಿದರೆ ಮೀಟರ್ ಬಿಸಿ ತೋರಿಸುತ್ತದೆ, ವಯರ್ ತುಂಡಾದರೆ ಅಥವಾ ಜೋಡಣೆಯಲ್ಲಿ ಕಿಲುಬು ಹಿಡಿದರೆ ತಣ್ಣಗೆ ತೋರಿಸುತ್ತದೆ.

ಪರೀಕ್ಷೆಗೆ ಐದು ನಿಮಿಷ ಸಾಕು. ಇಂಜಿನ್ ಸ್ಟಾರ್ಟ್ ಮಾಡಬೇಡಿ, ಕೀಲಿ ಮಾತ್ರ ಆನ್ ಮಾಡಿ. ಸೆನ್ಸರಿನ ತಲೆಯಿಂದ ವಯರ್ ಬಿಚ್ಚಿ ಗಾಳಿಯಲ್ಲಿ ಹಿಡಿಯಿರಿ. ಮುಳ್ಳು ಕೆಳಗಿಳಿದರೆ ವಯರೂ ಮೀಟರೂ ಸರಿ, ತಪ್ಪು ಸೆನ್ಸರಿನದು. ಇಳಿಯದೆ 120ರಲ್ಲೇ ನಿಂತರೆ ಸೆನ್ಸರಿಗೂ ಇದಕ್ಕೂ ಸಂಬಂಧವೇ ಇಲ್ಲ. ನಿಮ್ಮ ಬೋಟಿನಲ್ಲಿ ಆಗುವುದು ಇದೇ ಇರಬೇಕು. ಈಗ ವೀಲ್ ಹೌಸಿಗೆ (ಬೋಟ್ ನಡೆಸುವ ಕೋಣೆಗೆ) ಹೋಗಿ ಮೀಟರಿನ ಹಿಂದೆ 'ಎಸ್' ಗುರುತಿನ ತಿರುಪಿನಿಂದಲೂ ಅದೇ ವಯರ್ ಬಿಚ್ಚಿ. ಮುಳ್ಳು ಇಳಿದರೆ ದೋಷ ನಡುವಿನ ವಯರಿನಲ್ಲಿದೆ. ಆಗಲೂ ಇಳಿಯದಿದ್ದರೆ ಮೀಟರ್ ಕೆಟ್ಟಿದೆ, ಇಲ್ಲವೇ ಅದರ 'ಜಿ' ತಿರುಪಿನ ಅರ್ಥ್ ಕಡಿದಿದೆ. ಆಯಿಲ್ ಪ್ರೆಷರ್ ಮೀಟರೂ ಒಟ್ಟಿಗೇ ಹುಚ್ಚಾಟ ಆಡುತ್ತಿದ್ದರೆ, ಅಥವಾ ಲೈಟ್ ಹಾಕಿದಾಗ ಮುಳ್ಳು ಅಲುಗಿದರೆ, ಅರ್ಥ್ ಮೇಲೆಯೇ ಕಣ್ಣಿಡಿ.

ವಯರನ್ನು ನೋಡುವುದು ಹೀಗೆ: ಎರಡೂ ತುದಿ ಬಿಚ್ಚಿದ ಮೇಲೆ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿ ವಯರಿಗೆ, ಇನ್ನೊಂದು ಬ್ಲಾಕಿನ ಕೆರೆದ ಕಬ್ಬಿಣಕ್ಕೆ ಹಿಡಿಯಿರಿ. ಯಾವ ಸಂಖ್ಯೆಯೂ ಬರಬಾರದು. ಸಾವಿರ ಓಮ್ ಬಂದರೂ ಉಪ್ಪುನೀರು ಕುಡಿದ ಕನೆಕ್ಟರ್ ಇದೆ ಎಂದರ್ಥ. ಎಕ್ಸಾಸ್ಟ್ ಪಕ್ಕದಲ್ಲಿ ಹಾದುಹೋಗುವ ಜಾಗ, ಬಲ್ಕ್‌ಹೆಡ್ (ಕೋಣೆಗಳ ನಡುವಿನ ಗೋಡೆ) ತೂತು, ಕ್ಲಿಪ್ ಬಿಗಿದ ಜಾಗ, ಈ ಮೂರನ್ನು ಮೊದಲು ನೋಡಿ. ಸುಟ್ಟ ವಯರಿಗೆ ಟೇಪ್ ಸುತ್ತಿ ತೃಪ್ತಿಪಡಬೇಡಿ. ಕಲಾಯಿ ಬಳಿದ ತಾಮ್ರದ ಹೊಸ ವಯರ್ ಎಳೆದು, ತುದಿಗೆ ರಿಂಗ್ ಲಗ್ (ತಿರುಪಿಗೆ ಕೂರುವ ಲೋಹದ ಬಳೆ) ಒತ್ತಿ, ಒಳಗೆ ಅಂಟು ಬಳಿದ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಹಾಕಿ.

ವಯರ್ ಬಿಚ್ಚಿದಾಗ ಮುಳ್ಳು ಇಳಿದಿದ್ದರೆ, ಹೊಸದಾಗಿ ಹಾಕಿದ್ದು ಸರಿಯಾದ ಸೆನ್ಸರ್ ಹೌದೇ ಎಂಬ ಪ್ರಶ್ನೆ ಏಳುತ್ತದೆ. ಅಂಗಡಿಯಲ್ಲಿ ಒಂದೇ ತರಹ ಕಾಣುವ ಎರಡು ಜಾತಿ ಸಿಗುತ್ತವೆ. ವಿಡಿಒ ಎಂಬ ಜರ್ಮನ್ ಕಂಪನಿಯ ಮಾದರಿಯದು 40 ಡಿಗ್ರಿಯಲ್ಲಿ ಸುಮಾರು 290 ಓಮ್, 90ರಲ್ಲಿ 50, 120ರಲ್ಲಿ 22 ತೋರಿಸುತ್ತದೆ. ಅಮೆರಿಕನ್ ಮಾದರಿಯದು 38 ಡಿಗ್ರಿಯಲ್ಲಿ 450, 121ರಲ್ಲಿ 30ರ ಆಸುಪಾಸು. ಅಮೆರಿಕನ್ ಮೀಟರಿಗೆ ವಿಡಿಒ ಸೆನ್ಸರ್ ಹಾಕಿದರೆ ಇಂಜಿನ್ ಇರುವುದಕ್ಕಿಂತ ಬಿಸಿಯಾಗಿ ಕಾಣುತ್ತದೆ. ಎರಡು ಕಡೆ ಮೀಟರ್ ಇರುವ ಬೋಟಿಗೆ ಬೇಕಾದ ಸೆನ್ಸರ್ ಮತ್ತೆ ಬೇರೆ. ಎರಡು ತಿರುಪಿನ ಸೆನ್ಸರಾದರೆ ಅದರ ಮೇಲಿನ 'ಜಿ' ಮೀಟರಿನ 'ಎಸ್' ತಿರುಪಿಗೆ, 'ಡಬ್ಲ್ಯುಕೆ' ಅಲಾರಾಂಗೆ. ಅದಲು ಬದಲಾದರೆ ಮುಳ್ಳು ಸೊನ್ನೆಯಲ್ಲೇ ಮಲಗಿರುತ್ತದೆ, ಅಪಾಯದ ಬಿಸಿ ಬಂದಾಗ ಒಮ್ಮೆಲೇ ಮೇಲೆ ಹಾರುತ್ತದೆ. ಕೈಯಲ್ಲಿರುವ ಸೆನ್ಸರ್ ಯಾವುದೆಂದು ತಿಳಿಯಲು ಪಾತ್ರೆಯಲ್ಲಿ ನೀರು ಕುದಿಸಿ, ತಳ ಮುಟ್ಟದಂತೆ ತೂಗುಬಿಟ್ಟು ಓಮ್ ಅಳೆಯಿರಿ. 100 ಡಿಗ್ರಿಗೆ ವಿಡಿಒ ಸೆನ್ಸರ್ ನಲವತ್ತರ ಒಳಗೆ ಬರುತ್ತದೆ.

ಕೂರಿಸುವಾಗ ಇನ್ನೊಂದು ತಪ್ಪು ಆಗುತ್ತದೆ. ನೀರು ಸೋರಬಾರದೆಂದು ಥ್ರೆಡ್‌ಗೆ ಟೆಫ್ಲಾನ್ ಟೇಪನ್ನು ಆರೇಳು ಸುತ್ತು ಸುತ್ತಿದರೆ ಸೆನ್ಸರ್ ಬ್ಲಾಕಿನಿಂದ ಬೇರೆಯಾಗಿ, ಅರ್ಥ್ ಕಡಿದು, ಮೀಟರ್ ಸದಾ ತಣ್ಣಗೆ ತೋರಿಸಬಹುದು. ಒಂದು ಸುತ್ತಿಗಿಂತ ಹೆಚ್ಚು ಬೇಡ, ತುದಿಯ ಎರಡು ಥ್ರೆಡ್ ಬರಿದಾಗಿರಲಿ. ತಾಮ್ರದ ವಾಷರ್ ಇರುವುದಾದರೆ ಟೇಪೇ ಬೇಡ. ಬಿಗಿದ ಮೇಲೆ ಸೆನ್ಸರಿನ ಮೈಗೂ ಬ್ಲಾಕಿಗೂ ನಡುವೆ 1 ಓಮ್‌ಗಿಂತ ಕಡಿಮೆ ಇರಬೇಕು. ಎರಡು ವಯರಿನ, ಪ್ರತ್ಯೇಕ ಅರ್ಥ್ ಇರುವ ಸೆನ್ಸರಿಗೆ ಈ ಲೆಕ್ಕ ಇಲ್ಲ. ಇಂಜಿನ್ ಬಿಸಿಯಿರುವಾಗ ಸೆನ್ಸರ್ ಬಿಚ್ಚಿದರೆ ಒತ್ತಡದ ನೀರು ಮುಖಕ್ಕೇ ಬರುತ್ತದೆ, ಆರಲು ಬಿಡಿ.

ಇದೆಲ್ಲ ಸಾಮಾನ್ಯ ಎಲೆಕ್ಟ್ರಿಕ್ ಮೀಟರಿನ ಮಾತು. ಇಂಜಿನ್ನಿಗೆ ಕಂಪ್ಯೂಟರ್ ಇದ್ದರೆ ಅದರ ಸೆನ್ಸರ್ ವಯರನ್ನು ಅರ್ಥಿಗೆ ಮುಟ್ಟಿಸಿ ನೋಡಬೇಡಿ. ತಾಮ್ರದ ಸಣ್ಣ ಕೊಳವೆ ಮೀಟರಿಗೇ ಹೋಗುವ ಹಳೆಯ ಮಾದರಿಯಲ್ಲಿ ಕೊಳವೆ ಒಡೆದರೆ ಇಡೀ ಮೀಟರ್ ಬದಲಿಸುವುದೇ ದಾರಿ.

ನಿಜಕ್ಕೂ ಹೆದರಬೇಕಾದ್ದು ಮುಳ್ಳು ಕೆಳಗಿದ್ದಾಗ. ಕೂಲಂಟ್ ಇಳಿದು ಸೆನ್ಸರ್ ಗಾಳಿಯಲ್ಲಿ ನಿಂತರೆ ಇಂಜಿನ್ ಸುಡುತ್ತಿದ್ದರೂ ಮೀಟರ್ 60 ತೋರಿಸುತ್ತಿರುತ್ತದೆ. ಕೂಲಂಟ್ ತುಂಬಿದ ಮೇಲೆ ಗಾಳಿ ಬಿಡಿಸದಿದ್ದರೂ ಹಾಗೆಯೇ. ಆದ್ದರಿಂದ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಬೋಟಿನಲ್ಲಿ ಇಟ್ಟುಕೊಳ್ಳಿ. ಹೊಳೆಯುವ ಲೋಹ ಅದಕ್ಕೆ ಸುಳ್ಳು ಹೇಳುತ್ತದೆ, ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಸೆನ್ಸರಿನ ಬುಡಕ್ಕೆ ಒಂದು ಕಪ್ಪು ಬಣ್ಣದ ಮಚ್ಚೆ ಬಳಿದು ಅಲ್ಲಿಗೇ ಗುರಿಯಿಡಿ. ಲೋಹದ ಮೈ ಒಳಗಿನ ನೀರಿಗಿಂತ ಕೆಲವು ಡಿಗ್ರಿ ಕಡಿಮೆ ತೋರಿಸುವುದು ಸಹಜ. ಮಚ್ಚೆಯ ಬಿಸಿ ಮೀಟರಿಗಿಂತ ಇಪ್ಪತ್ತು ಡಿಗ್ರಿಗೂ ಮೇಲಿದ್ದರೆ, ಉದಾಹರಣೆಗೆ ಮಚ್ಚೆಯಲ್ಲಿ 95 ಬಂದು ಮೀಟರಿನಲ್ಲಿ 60 ಇದ್ದರೆ, ವಯರ್ ಹುಡುಕುತ್ತ ಕೂರಬೇಡಿ, ಇಂಜಿನ್ ನಿಲ್ಲಿಸಿ. ಆರಿದ ಮೇಲೆ ಕೂಲಂಟ್ ಮಟ್ಟ, ಕಡಲ ನೀರಿನ ಜಾಲರಿ, ಇಂಪೆಲ್ಲರ್ (ಕಡಲ ನೀರಿನ ಪಂಪಿನೊಳಗೆ ತಿರುಗುವ ಚಕ್ರ) ರೆಕ್ಕೆಗಳನ್ನು ಈ ಕ್ರಮದಲ್ಲೇ ನೋಡಿ.