ಮೊಸರನ್ನದ ನಾಯಿಗೆ ಎಷ್ಟು ಪ್ರೋಟೀನ್?

ಸಾಕುನಾಯಿಯ ಊಟವೆಂದರೆ ನಮ್ಮ ಬಹಳಷ್ಟು ಮನೆಗಳಲ್ಲಿ ಇವತ್ತಿಗೂ ಮೊಸರನ್ನ, ಹಾಲನ್ನ, ಇಲ್ಲವೇ ರಾಗಿ ಮುದ್ದೆ. ನಾಯಿ ಇಷ್ಟಪಟ್ಟೇ ತಿನ್ನುತ್ತದೆ, ಮೈಯೂ ದುಂಡಗಾಗುತ್ತದೆ. ಆದರೂ ಕೆಲವು ತಿಂಗಳಲ್ಲಿ ಕೂದಲು ಒರಟಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ, ಹೊಟ್ಟೆ ಬೆಳೆದರೂ ತೊಡೆಯ ಮಾಂಸ ಇಳಿಯುತ್ತದೆ. ಯಾಕೆ ಹೀಗೆ ಎಂಬುದು ಕೂಡಿಸಿ ಕಳೆಯುವ ಲೆಕ್ಕದಲ್ಲೇ ಗೊತ್ತಾಗುತ್ತದೆ.

15 ಕಿಲೋ ತೂಕದ, ಸಂತಾನಹರಣ ಚಿಕಿತ್ಸೆ ಆಗಿರುವ, ವಯಸ್ಕ ನಾಡನಾಯಿಯನ್ನು ತೆಗೆದುಕೊಳ್ಳೋಣ. ಅದಕ್ಕೆ ದಿನಕ್ಕೆ ಸುಮಾರು 850 ಕಿಲೋಕ್ಯಾಲೊರಿ ಬೇಕು. ನಾಯಿ ಆಹಾರಕ್ಕೆ ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘ ಎಎಎಫ್‌ಸಿಒ ಹಾಕಿರುವ ಕನಿಷ್ಠ ಮಟ್ಟದ ಪ್ರಕಾರ ವಯಸ್ಕ ನಾಯಿಗೆ ಪ್ರತಿ 1000 ಕಿಲೋಕ್ಯಾಲೊರಿಗೆ 45 ಗ್ರಾಂ ಪ್ರೋಟೀನ್ ಇರಬೇಕು. ಅಂದರೆ ನಮ್ಮ ನಾಯಿಗೆ ದಿನಕ್ಕೆ 38 ಗ್ರಾಂ. ಈಗ ಬಟ್ಟಲಿಗೆ 550 ಗ್ರಾಂ ಅನ್ನ, 225 ಗ್ರಾಂ ಮೊಸರು ಹಾಕಿ. ಕ್ಯಾಲೊರಿ ಸರಿಯಾಗಿ 850ರ ಹತ್ತಿರ ಬರುತ್ತದೆ. ಪ್ರೋಟೀನ್ ಮಾತ್ರ ಅನ್ನದಿಂದ 15, ಮೊಸರಿನಿಂದ 7, ಒಟ್ಟು 22 ಗ್ರಾಂ. ಮೊಸರನ್ನವನ್ನೇ ಇನ್ನಷ್ಟು ಬಡಿಸಿ 38 ಮುಟ್ಟಿಸಲು ಹೋದರೆ ನಾಯಿಗೆ ಬೊಜ್ಜು ಬರುತ್ತದೆ.

ಹಾಗೆಂದು ಅನ್ನ ನಾಯಿಗೆ ವಿಷವಲ್ಲ. ಪಿಷ್ಟ ಜೀರ್ಣಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೆ ಇರುವುದನ್ನು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಮನುಷ್ಯರ ಜೊತೆ ಬಾಳಿದ ನಾಯಿ ಅನ್ನ ಅರಗಿಸಿಕೊಳ್ಳಲು ಕಲಿತಿದೆ. ಪ್ರೋಟೀನಿನ ಅಗತ್ಯ ಮಾತ್ರ ಅದರಿಂದ ತಗ್ಗಿಲ್ಲ.

ಹಾಗಾಗಿ ಯಾವುದೇ ಆಹಾರವನ್ನು ಅಳೆಯುವಾಗ 100 ಗ್ರಾಂಗೆ ಎಷ್ಟು ಪ್ರೋಟೀನ್ ಎಂದು ಕೇಳುವುದಕ್ಕಿಂತ 100 ಕಿಲೋಕ್ಯಾಲೊರಿಗೆ ಎಷ್ಟು ಎಂದು ಕೇಳುವುದು ಉಪಯುಕ್ತ. ಬೇಕಾದದ್ದು 4.5 ಗ್ರಾಂ. ಅನ್ನ, ರಾಗಿ ಎರಡೂ 2ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಮೊಸರು ಐದೂವರೆ. ಪನೀರ್, ತೊಗರಿಬೇಳೆ ಆರರಿಂದ ಏಳು. ಮೊಟ್ಟೆ 8. ಸೋಯಾ ಚಂಕ್ಸ್ 15. ಚರ್ಮ ತೆಗೆದ ಕೋಳಿ ಎದೆಮಾಂಸ 18ಕ್ಕೂ ಹೆಚ್ಚು. ಅನ್ನದಂಥ ಕಡಿಮೆಯದನ್ನು ಬಟ್ಟಲಿನಲ್ಲಿ ಇಟ್ಟುಕೊಂಡರೆ ಅದರ ಕೊರತೆ ತುಂಬಲು ಪಟ್ಟಿಯ ಮೇಲ್ತುದಿಯದು ಏನಾದರೂ ಬೇಕೇ ಬೇಕು.

ಪ್ರಮಾಣದ ಜೊತೆಗೆ ಗುಣವನ್ನೂ ನೋಡಬೇಕು. ಪ್ರೋಟೀನ್ ಕಟ್ಟುವ ಇಟ್ಟಿಗೆಗಳೇ ಅಮೈನೋ ಆಮ್ಲಗಳು. ಅವುಗಳಲ್ಲಿ ನಾಯಿಯ ದೇಹ ತಾನೇ ತಯಾರಿಸಿಕೊಳ್ಳಲಾಗದವು ಹತ್ತು: ಮನುಷ್ಯರಿಗೆ ಬೇಕಾದ ಒಂಬತ್ತರ ಜೊತೆ ಆರ್ಜಿನಿನ್ ಕೂಡ. ಈ ಹತ್ತರಲ್ಲಿ ಒಂದು ಕಡಿಮೆ ಬಿದ್ದರೂ ಉಳಿದವು ಎಷ್ಟಿದ್ದರೂ ಸ್ನಾಯು ಕಟ್ಟುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮಿಕ್ಕವನ್ನು ದೇಹ ಇಂಧನವಾಗಿ ಉರಿಸಿಬಿಡುತ್ತದೆ. ಅಕ್ಕಿಯಲ್ಲಿ ಕೊರತೆಯಾಗುವುದು ಲೈಸಿನ್, ಬೇಳೆಯಲ್ಲಿ ಮೆಥಿಯೊನಿನ್. ಮೊಟ್ಟೆಯಲ್ಲಿ ಹತ್ತೂ ಬೇಕಾದಷ್ಟಿವೆ.

ಹೀಗಾಗಿ ಮೊದಲ ಆಯ್ಕೆ ಮೊಟ್ಟೆಯೇ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಮಾಂಸ ಬೇಯಿಸದ ಎಷ್ಟೋ ಮನೆಗಳ ಅಡುಗೆಮನೆಗೂ ಬರುತ್ತದೆ. ಬೇಯಿಸಿಯೇ ಹಾಕಬೇಕು. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಪ್ರೋಟೀನ್ ಬಯೋಟಿನ್ ಜೀವಸತ್ವವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ. ನೀರು ಕುದಿಯಲು ತೊಡಗಿದ ಮೇಲೆ ಹತ್ತು ನಿಮಿಷ ಬೇಯಿಸಿದರೆ ಎರಡೂ ತೊಂದರೆ ಮುಗಿಯಿತು. ಸಿಪ್ಪೆಯನ್ನು ಎಸೆಯಬೇಡಿ. ತೊಳೆದು, ಬಿಸಿ ಕಾವಲಿಯ ಮೇಲೆ ಗರಿಗರಿಯಾಗುವ ತನಕ ಹುರಿದು, ಮಿಕ್ಸಿಯಲ್ಲಿ ಬೆರಳಿಗೆ ಚುಚ್ಚದಷ್ಟು ನುಣ್ಣಗೆ ಪುಡಿ ಮಾಡಿ. ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಮೂಳೆಯಿಲ್ಲದ ಮಾಂಸವನ್ನೇ ತಿಂಗಳುಗಟ್ಟಲೆ ಹಾಕಿದ ನಾಯಿಯ ಮೂಳೆಗಳು ಟೊಳ್ಳಾಗುವುದು ಇದೇ ಕಾರಣಕ್ಕೆ.

ಮೇಲಿನ ಬಟ್ಟಲನ್ನು ಈಗ ತಿದ್ದೋಣ. ಅನ್ನ 400 ಗ್ರಾಂಗೆ ಇಳಿಸಿ, ಮೊಸರು 225 ಗ್ರಾಂ ಹಾಗೇ ಇರಲಿ, ಬೇಯಿಸಿದ ಎರಡು ಮೊಟ್ಟೆ, ಬೇಯಿಸಿದ ಕೋಳಿ ಮಾಂಸ 30 ಗ್ರಾಂ ಸೇರಿಸಿ, ಸಿಪ್ಪೆಪುಡಿ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ. ಕ್ಯಾಲೊರಿ ಅಷ್ಟೇ, ಪ್ರೋಟೀನ್ ಮಾತ್ರ 39 ಗ್ರಾಂ ದಾಟಿತು. ಇಲ್ಲಿಗೆ ಊಟ ಪರಿಪೂರ್ಣವಾಯಿತು ಎಂದಲ್ಲ. ಸತು, ಅಯೋಡಿನ್, ವಿಟಮಿನ್ ಡಿ, ವಿಟಮಿನ್ ಇ ಮನೆಯೂಟದಲ್ಲಿ ಸಾಮಾನ್ಯವಾಗಿ ಕೊರತೆ ಬೀಳುವಂಥವು. ಇವಕ್ಕೆ ಪಶುವೈದ್ಯರನ್ನು ಕೇಳಿ ವಿಟಮಿನ್–ಖನಿಜದ ಪುಡಿ ಸೇರಿಸಬೇಕಾಗುತ್ತದೆ. ದೊಡ್ಡ ತಳಿಯ ಮರಿಗಳಿಗಂತೂ ಸಿಪ್ಪೆಪುಡಿಯನ್ನು ಅಂದಾಜಿನಲ್ಲಿ ಹಾಕಲೇಬಾರದು. ಅವಕ್ಕೆ ಕ್ಯಾಲ್ಸಿಯಂ ಹೆಚ್ಚಾದರೂ ಮೂಳೆ ಸೊಟ್ಟಗಾಗುತ್ತದೆ. ಮರಿಗಳಿಗೆ ಪ್ರೋಟೀನ್ ಕೂಡ ಜಾಸ್ತಿ ಬೇಕು, 100 ಕಿಲೋಕ್ಯಾಲೊರಿಗೆ ಕನಿಷ್ಠ 5.6 ಗ್ರಾಂ.

ಕೋಳಿ ಅಂಗಡಿಯಲ್ಲಿ "ನಾಯಿಗೆ" ಎಂದರೆ ಸಿಗುವುದು ತಲೆ, ಕಾಲು, ಚರ್ಮ. ಕಾಲಿನಲ್ಲಿ ಪ್ರೋಟೀನ್ ಇದೆ, ಆದರೆ ಬಹುಪಾಲು ಕೊಲಾಜೆನ್. ಕೊಲಾಜೆನ್‌ನಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಒಂದಿಷ್ಟೂ ಇಲ್ಲ. ಅಂದರೆ ತೂಕದ ಲೆಕ್ಕದಲ್ಲಿ ಭರ್ತಿ ಎನಿಸುವ ಕೋಳಿಕಾಲು ಒಂದನ್ನೇ ನಂಬಿದರೆ ಸ್ನಾಯು ಕಟ್ಟುವ ಕೆಲಸ ನಡೆಯುವುದಿಲ್ಲ. ರುಚಿಗೆ, ಅನ್ನ ಕಲಸುವ ಸಾರಿಗೆ ಕಾಲು ಚೆನ್ನ. ಪ್ರೋಟೀನಿಗೆ ಮೊಟ್ಟೆ ಅಥವಾ ಮಾಂಸ ಜೊತೆಗಿರಲಿ. ಉಗುರು ಕತ್ತರಿಸಿ, ಮೂಳೆ ಬೆರಳಲ್ಲಿ ಹಿಚುಕಿದರೆ ಪುಡಿಯಾಗುವಷ್ಟು ಕುಕ್ಕರಿನಲ್ಲಿ ಬೇಯಿಸಬೇಕು. ಅರೆಬೆಂದ ಮೂಳೆ, ಬಿರಿಯಾನಿಯಲ್ಲಿ ಉಳಿದ ಮೂಳೆ ಸೀಳುಸೀಳಾಗಿ ಒಡೆದು ಗಂಟಲು, ಕರುಳನ್ನು ಚುಚ್ಚುತ್ತವೆ. ಬಿರಿಯಾನಿ, ಸಾರಿನ ತುಂಡುಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುತ್ತವೆ. ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೆಂದರೂ ಆ ಗುಣ ಹೋಗುವುದಿಲ್ಲ. ಲಿವರ್ ಒಳ್ಳೆಯದೇ, ಆದರೆ ವಿಟಮಿನ್ ಎ ಅದರಲ್ಲಿ ವಿಪರೀತ. ಈ ಗಾತ್ರದ ನಾಯಿಗೆ ವಾರಕ್ಕೆ 100 ಗ್ರಾಂ ದಾಟದಿರಲಿ.

ಕುರಿ, ಮೇಕೆಯ ಒಳಾಂಗಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಇವುಗಳ ಲಿವರ್, ಶ್ವಾಸಕೋಶಗಳಲ್ಲಿ ನೀರುಗುಳ್ಳೆಯಂಥ ಚೀಲಗಳು ಕಾಣಿಸುವುದುಂಟು. ಅದು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಹಂತ. ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಹುಳು ಬೆಳೆದು ಮಲದಲ್ಲಿ ಮೊಟ್ಟೆ ಹೊರಬರುತ್ತದೆ. ನಾಯಿ ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇರುತ್ತದೆ. ಆ ಮೊಟ್ಟೆ ಕೈಯಿಂದ ಬಾಯಿಗೆ ಹೋದ ಮನುಷ್ಯನ ಲಿವರಿನಲ್ಲೋ ಶ್ವಾಸಕೋಶದಲ್ಲೋ ವರ್ಷಗಟ್ಟಲೆ ಗುಳ್ಳೆ ಬೆಳೆಯುತ್ತದೆ. ಮಟನ್ ಅಂಗಡಿಯವರು ಬಿಟ್ಟಿಯಾಗಿ ಎಸೆಯುವ ಹಸಿ ತುಂಡು ಇಷ್ಟು ದುಬಾರಿ. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದರೆ ಭಯವಿಲ್ಲ.

ಕರಾವಳಿಯವರಿಗೆ ಭೂತಾಯಿ, ಬಂಗುಡೆ ಸುಲಭ. ಪ್ರೋಟೀನ್ ಉತ್ತಮ, ಚರ್ಮಕ್ಕೆ ಒಳ್ಳೆಯದಾದ ಒಮೆಗಾ-3 ಕೊಬ್ಬೂ ಸಿಗುತ್ತದೆ. ಕುಕ್ಕರಿನಲ್ಲಿ ಮುಳ್ಳು ಮೆತ್ತಗಾಗುವ ತನಕ ಬೇಯಿಸಿ. ಮೀನು ತಾಜಾ ಇರಲೇಬೇಕು. ಬಿಸಿಲಲ್ಲಿ ಕೂತ ಬಂಗುಡೆಯಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಉತ್ಪಾದಿಸುತ್ತವೆ, ಎಷ್ಟು ಕುದಿಸಿದರೂ ಅದು ನಾಶವಾಗುವುದಿಲ್ಲ. ಒಣಮೀನು ಬೇಡ, ಉಪ್ಪು ಅತಿಯಾಯಿತು.

ಸಸ್ಯಾಹಾರಿ ಮನೆಯ ನಾಯಿಯನ್ನು ಮಾಂಸವಿಲ್ಲದೆ ಸಾಕಬಹುದೇ? ಬೆಕ್ಕನ್ನು ಆಗುವುದಿಲ್ಲ, ನಾಯಿಯನ್ನು ಶ್ರದ್ಧೆಯಿದ್ದರೆ ಸಾಕಬಹುದು. ಮೊಟ್ಟೆ, ಪನೀರ್ ಇದ್ದರೆ ಕೆಲಸ ಸುಲಭ. 50 ಗ್ರಾಂ ಉಪ್ಪಿಲ್ಲದ ಪನೀರಿನಲ್ಲಿ 9 ಗ್ರಾಂ ಪ್ರೋಟೀನ್ ಇದೆ. ಅದಕ್ಕಿಂತ ಜಾಸ್ತಿ ಕೊಬ್ಬಿದೆ, ಹಾಗಾಗಿ ಪ್ಯಾಂಕ್ರಿಯಾಸ್ ಬಾವು ಬಂದಿದ್ದ ನಾಯಿಗೆ ಬೇಡ. ಹಾಲು ಕುಡಿದರೆ ಭೇದಿಯಾಗುವ ನಾಯಿ ಕೂಡ ಪನೀರನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ, ಲ್ಯಾಕ್ಟೋಸ್ ಬಹುಪಾಲು ನೀರಿನೊಂದಿಗೆ ಹೋಗಿರುತ್ತದೆ. ಸೋಯಾ ಚಂಕ್ಸ್ ಒಣಗಿದ್ದಾಗ ತೂಗಿ 20 ಗ್ರಾಂ ಹಾಕಿದರೆ 10 ಗ್ರಾಂ ಪ್ರೋಟೀನ್. ಕುದಿಸಿ, ನೀರು ಚೆಲ್ಲಿ, ಹಿಂಡಿ, ಇನ್ನೊಮ್ಮೆ ನೀರು ಹಾಕಿ ಹಿಂಡಬೇಕು. ಈ ಎರಡನೇ ಹಿಂಡನ್ನು ಬಿಟ್ಟರೆ ಒಳಗೆ ಉಳಿದ ರ‍್ಯಾಫಿನೋಸ್ ಜಾತಿಯ ಸಕ್ಕರೆ ದೊಡ್ಡ ಕರುಳಿನಲ್ಲಿ ಹುದುಗಿ, ಮನೆಮಂದಿಯೆಲ್ಲ ಮೂಗು ಮುಚ್ಚಿಕೊಳ್ಳುವಂತಾಗುತ್ತದೆ.

ಬೇಳೆ–ಅನ್ನದ ಜೋಡಿಯಲ್ಲಿ ಲೈಸಿನ್, ಮೆಥಿಯೊನಿನ್ ಕೊರತೆಗಳು ಒಂದನ್ನೊಂದು ತಕ್ಕಮಟ್ಟಿಗೆ ತುಂಬುತ್ತವೆ. ಬೇಳೆಯೊಂದೇ ಮುಖ್ಯ ಪ್ರೋಟೀನ್ ಆಗುವುದು ಮಾತ್ರ ಸರಿಯಲ್ಲ. ಹೃದಯದ ಸ್ನಾಯುವಿಗೆ ಬೇಕಾದ ಟಾರಿನ್ ಅನ್ನು ನಾಯಿ ಮೆಥಿಯೊನಿನ್, ಸಿಸ್ಟೀನ್‌ಗಳಿಂದಲೇ ತಯಾರಿಸಿಕೊಳ್ಳಬೇಕು. 2018ರ ಜುಲೈಯಲ್ಲಿ ಅಮೆರಿಕದ ಆಹಾರ–ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ನಾಯಿಗಳಲ್ಲಿ ಹೃದಯ ಹಿಗ್ಗುವ ಕಾಯಿಲೆಗೂ ಕೆಲವು ಆಹಾರಗಳಿಗೂ ನಂಟಿದೆಯೇ ಎಂದು ತನಿಖೆ ಶುರುಮಾಡಿತು. 2019ರ ಏಪ್ರಿಲ್ ಕೊನೆಯ ವೇಳೆಗೆ ಬಂದ 524 ವರದಿಗಳಲ್ಲಿ ಹೆಸರಿಸಿದ್ದ ಆಹಾರಗಳ ಪೈಕಿ ಶೇ. 90ಕ್ಕೂ ಹೆಚ್ಚು ಧಾನ್ಯವಿಲ್ಲದವು, ಶೇ. 93ರಲ್ಲಿ ಬಟಾಣಿ ಅಥವಾ ಮಸೂರ ಜಾತಿಯ ಕಾಳುಗಳಿದ್ದವು. ಕಾರಣ ಇದೇ ಎಂದು ಸಾಬೀತಾಗಿಲ್ಲ. ಆದರೂ 'ಗ್ರೇನ್ ಫ್ರೀ' ಎಂದು ದುಪ್ಪಟ್ಟು ಬೆಲೆಗೆ ಮಾರುವ ಚೀಲವನ್ನು, ಧಾನ್ಯಕ್ಕೆ ಅಲರ್ಜಿಯಿಲ್ಲದ ನಾಯಿಗೆ ಕೊಳ್ಳಲು ಒಂದು ಒಳ್ಳೆಯ ಕಾರಣ ಹೇಳುವುದು ಕಷ್ಟ.

ಪ್ಯಾಕೆಟ್ ಆಹಾರ ಕೊಳ್ಳುವವರು ಶೇಕಡಾವಾರು ಅಂಕಿಗೆ ಮರುಳಾಗಬಾರದು. ಡಬ್ಬಿಯ ತೇವದ ಆಹಾರದಲ್ಲಿ ಪ್ರೋಟೀನ್ ಶೇ. 8, ಒಣ ಆಹಾರದಲ್ಲಿ ಶೇ. 24 ಎಂದಿದ್ದರೆ ಒಣದ್ದೇ ಮೇಲೆಂದು ತೋರುತ್ತದೆ. ಡಬ್ಬಿಯಲ್ಲಿ ಶೇ. 80 ನೀರಿದ್ದರೆ ಅದನ್ನು ಕಳೆದ ಮೇಲೆ ಪ್ರೋಟೀನ್ ಶೇ. 40 ಆಗುತ್ತದೆ, ಶೇ. 10 ತೇವವಿರುವ ಒಣ ಆಹಾರದ್ದು ಸುಮಾರು 27 ಮಾತ್ರ. ಪದಾರ್ಥಗಳ ಪಟ್ಟಿಯನ್ನು ಬೇಯಿಸುವ ಮುಂಚಿನ ತೂಕದ ಕ್ರಮದಲ್ಲಿ ಬರೆಯುವುದರಿಂದ, ಶೇ. 70 ನೀರೇ ಇರುವ ಹಸಿ ಕೋಳಿ ಮೊದಲ ಸ್ಥಾನಕ್ಕೆ ಸಲೀಸಾಗಿ ಏರುತ್ತದೆ. ಅದೇ ಒಣಗಿಸಿ ಪುಡಿಮಾಡಿದ 'ಚಿಕನ್ ಮೀಲ್' ಮೂರನೇ ಸ್ಥಾನದಲ್ಲಿದ್ದರೂ ಹೆಚ್ಚು ಪ್ರೋಟೀನ್ ತರಬಹುದು. ಅಕ್ಕಿ, ನುಚ್ಚಕ್ಕಿ, ಅಕ್ಕಿ ತೌಡು ಎಂದು ಒಂದನ್ನೇ ಮೂರಾಗಿ ಬರೆದಿದ್ದರೆ ಮೂರನ್ನೂ ಕೂಡಿಸಿ ನೋಡಿ.

ಪ್ಯಾಕೆಟ್ ಮೇಲಿನ 'ಕ್ರೂಡ್ ಪ್ರೋಟೀನ್' ಎಂಬ ಅಂಕಿ ಪ್ರೋಟೀನನ್ನು ನೇರವಾಗಿ ಅಳೆದದ್ದೂ ಅಲ್ಲ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಯೊಹಾನ್ ಕೆಲ್ಡಾಲ್ 1883ರಲ್ಲಿ ರೂಪಿಸಿದ ವಿಧಾನದಲ್ಲಿ ಅಳೆಯುವುದು ಸಾರಜನಕವನ್ನು; ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಗರಿ, ಗೊರಸು, ಚರ್ಮ ಎಲ್ಲಕ್ಕೂ ಅಂಕಿ ಬರುತ್ತದೆ, ನಾಯಿಗೆ ಅರಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2007ರಲ್ಲಿ ನಾಯಿ, ಬೆಕ್ಕಿನ ಆಹಾರಕ್ಕೆಂದು ಚೀನಾದಿಂದ ಅಮೆರಿಕಕ್ಕೆ ಹೋದ, ಗೋಧಿಯ ಪ್ರೋಟೀನಾದ ಗ್ಲುಟನ್‌ಗೆ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಮೆಲಮೈನ್ ಬೆರೆಸಿದ್ದು ಈ ಸಂದಿಯನ್ನು ಬಳಸಿಯೇ. ಮೆಲಮೈನ್‌ನ ಮೂರರಲ್ಲಿ ಎರಡು ಪಾಲು ಸಾರಜನಕ, ಹಾಗಾಗಿ ಒಂದು ಗ್ರಾಂ ಬೆರೆಸಿದರೆ ಪರೀಕ್ಷೆಯಲ್ಲಿ ನಾಲ್ಕು ಗ್ರಾಂಗೂ ಹೆಚ್ಚು ಪ್ರೋಟೀನ್ ಕಾಣುತ್ತದೆ. ಜೊತೆಗಿದ್ದ ಸಯನ್ಯೂರಿಕ್ ಆಮ್ಲದೊಂದಿಗೆ ಕೂಡಿ ಅದು ಮೂತ್ರಪಿಂಡಗಳಲ್ಲಿ ಹರಳುಗಟ್ಟಿತು. ನಾಯಿ, ಬೆಕ್ಕುಗಳು ಸತ್ತವು.

"ಮೊಟ್ಟೆ, ಕೋಳಿ ಹಾಕಿದರೆ ಉಷ್ಣ, ಕೂದಲು ಉದುರುತ್ತೆ" ಎಂಬ ಮಾತು ಊರೂರಲ್ಲೂ ಕೇಳುತ್ತದೆ. ಕೂದಲೆಂಬುದು ಹೆಚ್ಚುಕಡಿಮೆ ಪೂರ್ತಿ ಪ್ರೋಟೀನೇ. ಅದು ಕಡಿಮೆಯಾದಾಗಲೇ ಕೂದಲು ಹಾಳಾಗುವುದು. ಆರೋಗ್ಯವಂತ ನಾಯಿಯ ಕಿಡ್ನಿ ಪ್ರೋಟೀನಿನಿಂದ ಕೆಡುವುದೂ ಇಲ್ಲ. ಕಿಡ್ನಿ ಕಾಯಿಲೆ ಇರುವುದು ಗೊತ್ತಾದ ಮೇಲೆ ವೈದ್ಯರು ಪ್ರೋಟೀನ್, ರಂಜಕ ತಗ್ಗಿಸುತ್ತಾರೆ, ಅದು ಸರಿ. ವಯಸ್ಸಾಯಿತು ಎಂಬುದಕ್ಕೇ ಮಾಂಸ ನಿಲ್ಲಿಸಿ ಗಂಜಿಗೆ ಇಳಿಸುವುದು, ಮೊದಲೇ ಕರಗುತ್ತಿರುವ ಸ್ನಾಯುವನ್ನು ಇನ್ನಷ್ಟು ಕರಗಿಸುತ್ತದೆ.

ಉಷ್ಣದ ಮಾತಿನ ಹಿಂದೆ ಒಮ್ಮೊಮ್ಮೆ ನಿಜವಾದ ಅಲರ್ಜಿ ಇರುತ್ತದೆ. ವರ್ಷವಿಡೀ ಪಂಜ ನೆಕ್ಕುವುದು, ಕಿವಿ ಮತ್ತೆಮತ್ತೆ ಸೋರುವುದು, ಕಂಕುಳಲ್ಲಿ ಕೆಂಪಾಗುವುದು ಇದರ ಲಕ್ಷಣ. 2016ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಆಹಾರ ಅಲರ್ಜಿಯಿದ್ದ 297 ನಾಯಿಗಳ ವರದಿಗಳನ್ನು ಒಟ್ಟುಗೂಡಿಸಿತು. ಅಲರ್ಜಿ ತಂದವು: ದನದ ಮಾಂಸ ಶೇ. 34, ಹಾಲಿನ ಪದಾರ್ಥ 17, ಕೋಳಿ 15, ಗೋಧಿ 13. ನಮ್ಮ ಬಟ್ಟಲಿನ ಮೊಸರು, ಪನೀರ್, ಕೋಳಿ ಎಲ್ಲ ಈ ಪಟ್ಟಿಯಲ್ಲಿವೆ. ರಕ್ತ, ಎಂಜಲಿನ ಪರೀಕ್ಷೆಗಳನ್ನು ನಂಬಿ ದುಡ್ಡು ಕಳೆಯಬೇಡಿ. ಉತ್ತರ ಸಿಗುವುದು ಎಂಟು ವಾರದ ಪಥ್ಯದಿಂದ: ನಾಯಿ ಹಿಂದೆ ತಿಂದೇ ಇರದ ಒಂದು ಪ್ರೋಟೀನ್, ಒಂದು ಪಿಷ್ಟ, ಬೇರೇನೂ ಇಲ್ಲ. ಮೀನು ಮುಟ್ಟದ ಒಳನಾಡಿನ ನಾಯಿಗೆ ಬಂಗುಡೆ–ಆಲೂಗಡ್ಡೆ, ಮೀನು ತಿಂದು ಬೆಳೆದ ಕರಾವಳಿಯದಕ್ಕೆ ಕೊಬ್ಬು ತೆಗೆದ ಹಂದಿಮಾಂಸ–ಗೆಣಸು. ಕೋಳಿಗೆ ಒಗ್ಗದ ನಾಯಿಗೆ ಬಾತುಕೋಳಿಯೂ ಒಗ್ಗದಿರಬಹುದು, ಎರಡರ ಪ್ರೋಟೀನ್‌ಗಳಲ್ಲಿ ಹೋಲಿಕೆಯಿದೆ. ಈ ಕಾರಣಕ್ಕೇ, ಆರೋಗ್ಯವಾಗಿರುವಾಗ ಹತ್ತು ಬಗೆಯ ಮಾಂಸ ಬೆರೆಸಿದ ದುಬಾರಿ ಆಹಾರ ತಿನ್ನಿಸುವುದು ಜಾಣತನವಲ್ಲ; ಮುಂದೆ ಪಥ್ಯಕ್ಕೆ ಉಳಿಯುವಂತೆ ಒಂದೆರಡನ್ನು ಮುಟ್ಟಿಸದೆ ಇಟ್ಟಿರಬೇಕು.

ಪಥ್ಯ ಕೆಡುವುದು ಬಹುತೇಕ ಬಟ್ಟಲಿನ ಹೊರಗೆ: ಅಜ್ಜಿ ಕೊಟ್ಟ ಬಿಸ್ಕತ್ತು, ಮಗು ಚೆಲ್ಲಿದ ಹಾಲು, ಕೋಳಿಯ ರುಚಿ ಸೇರಿಸಿದ ಜಂತುಹುಳುವಿನ ಮಾತ್ರೆ. ಎಂಟು ವಾರದಲ್ಲಿ ಕೆರೆತ ಇಳಿದರೆ ಹಳೆಯ ಆಹಾರವನ್ನು ಒಂದೊಂದಾಗಿ ಮರಳಿ ಕೊಡಬೇಕು, ಪ್ರತಿಯೊಂದಕ್ಕೂ ಎರಡು ವಾರ. ಕೋಳಿ ಕೊಟ್ಟಾಗ ಕೆರೆತ ಮರಳಿ ಬಂದರೆ ಕೋಳಿ ನಿಲ್ಲಿಸಿ, ಮೈ ತಿಳಿಯಾದ ಮೇಲೆ ಮೊಸರಿನ ಸರದಿ.