ಅಡುಗೆಮನೆಯ ಅಷ್ಟಾವಧಾನ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮರೆವಿನ ಕಾಯಿಲೆಯ (ಡಿಮೆನ್ಷಿಯಾ) ಮೊದಲ ಸುಳಿವುಗಳೆಲ್ಲ ಅದರಡಿ ಹೂತುಹೋಗುತ್ತವೆ. ಥೈರಾಯ್ಡ್, ಬಿ12 ಕೊರತೆ, ಖಿನ್ನತೆಯಂಥ ಚಿಕಿತ್ಸೆಯಿರುವ ಕಾರಣಗಳೂ ಅಲ್ಲೇ ಉಳಿದುಬಿಡುತ್ತವೆ.

ಎಂಟು ಕಡೆಗೆ ಒಟ್ಟಿಗೇ ಗಮನ ಕೊಡುವ ಅಷ್ಟಾವಧಾನ ನೋಡಿದವರಿಗೆ ಗೊತ್ತು. ಅವಧಾನಿ ಪದ್ಯ ಕಟ್ಟುತ್ತಲೇ ಗಂಟೆಯ ಬಡಿತ ಎಣಿಸಿಟ್ಟುಕೊಳ್ಳಬೇಕು; ಅಪ್ರಸ್ತುತ ಪ್ರಸಂಗಿಯ ತರಲೆಗೆ ಉತ್ತರ ಕೊಟ್ಟು, ಬಿಟ್ಟ ಪಾದಕ್ಕೇ ಮರಳಬೇಕು. ಹುಳಿ ಮಾಡುವ ಅಜ್ಜಿ ದಿನವೂ ಮಾಡುವುದು ಇದನ್ನೇ. ಅವರಿಗೆ ಕುಕ್ಕರಿನ ಸೀಟಿಯೇ ಗಂಟೆ, ಬಾಗಿಲಲ್ಲಿ ಕೂಗುವ ಸೊಪ್ಪಿನವಳೇ ಅಪ್ರಸ್ತುತ ಪ್ರಸಂಗಿ. ಸೊಪ್ಪು ಕೊಂಡು ಒಳಗೆ ಬಂದಾಗ ‘ಉಪ್ಪು ಹಾಕಿದ್ದಾಗಿದೆ, ಒಗ್ಗರಣೆ ಬಾಕಿ’ ಎಂಬುದು ತಲೆಯಲ್ಲಿ ಹಾಗೇ ಇರಬೇಕು. ನೇಯುವವನು ಅರ್ಧಕ್ಕೆ ಎದ್ದುಹೋದರೂ ಎಳೆ ಎಲ್ಲಿತ್ತೆಂದು ಕೈಗೆ ತಿಳಿದಿರುವಂತೆ. ಮರೆವಿನ ಕಾಯಿಲೆ ಶುರುವಾಗಿ ಈ ಹಿಡಿತ ಸಡಿಲವಾದ ಕೂಡಲೇ ಅಡುಗೆ ನಿಲ್ಲುವುದಿಲ್ಲ. ಒಂದು ಗಂಟೆಯ ಕೆಲಸ ಎರಡು ಗಂಟೆ ಹಿಡಿಯುತ್ತದೆ, ಒಂದು ದಿನ ಉಪ್ಪು ಎರಡು ಸಲ ಬೀಳುತ್ತದೆ. ಸ್ನಾನ, ಊಟ, ಬಟ್ಟೆ ತೊಡುವುದು ಸಾಮಾನ್ಯವಾಗಿ ಬಹುಕಾಲ ಸರಿಯಾಗಿಯೇ ಇರುತ್ತವೆ.

1969ರಲ್ಲಿ ಅಮೆರಿಕದ ಸಂಶೋಧಕರಾದ ಲಾಟನ್ ಮತ್ತು ಬ್ರೋಡಿ ಹಿರಿಯರ ದಿನನಿತ್ಯದ ಇಂಥ ಕೆಲಸಗಳ ಅಳತೆಪಟ್ಟಿ ಮಾಡಿದಾಗ ಅವೂ ಎಂಟೇ ಆದವು: ಫೋನ್, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧ, ಹಣಕಾಸು. ಗಂಡಸರಿಗೆ ಮಾತ್ರ ಅಡುಗೆ, ಮನೆಗೆಲಸ, ಬಟ್ಟೆ ಬಿಟ್ಟು ಐದಕ್ಕೇ ಅಂಕವಿತ್ತು. ಎಂದೂ ಅನ್ನ ಮಾಡದವರು ಈಗಲೂ ಮಾಡದಿದ್ದರೆ ಅದರಿಂದ ಏನು ತಿಳಿದೀತು?

ಅದೇ ತೊಡಕು ನಮ್ಮ ದೇಶದಲ್ಲಿ ಇನ್ನೂ ದೊಡ್ಡದು. ಚೆಕ್ಕು ಬರೆಯದ, ಅಕ್ಷರವೇ ಕಲಿಯದ ಹಿರಿಯರನ್ನು ಅಳೆಯುವುದು ಹೇಗೆ? ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಪಟ್ಟಿ ನನಗೆ ಬಹಳ ಇಷ್ಟ. ಊರೊಳಗೆ ದಾರಿ ತಪ್ಪುತ್ತಾರೆಯೇ? ಹೇಳಿಕಳಿಸಿದ ಮಾತನ್ನು ತಲುಪಿಸುತ್ತಾರೆಯೇ? ಹೋಳಿ, ದೀಪಾವಳಿ ನೆನಪಿದೆಯೇ? ಮನೆಯ ಮದುವೆ ಮಾತುಕತೆಯಲ್ಲಿ ತಮ್ಮ ಅಭಿಪ್ರಾಯ ಹೇಳುತ್ತಾರೆಯೇ? ಮದುವೆಯ ಮಾತು ಬಂದಾಗ ಹಿರಿಯರು ಸುಮ್ಮನೆ ಕೂರುವುದೂ ಒಂದು ಲಕ್ಷಣವಿರಬಹುದೆಂದು ಹೊಳೆಯಲು ಆ ಬದುಕನ್ನು ಹತ್ತಿರದಿಂದ ಕಂಡಿರಬೇಕು.

ಈ ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ಮನೆಯವರು. ತಮ್ಮಲ್ಲಿ ಏನೂ ಕೊರತೆಯಿಲ್ಲವೆಂದೇ ಅನೇಕ ರೋಗಿಗಳು ಮನಸಾರೆ ನಂಬಿರುತ್ತಾರೆ. ಆದರೆ ಮನೆಯವರ ಪ್ರೀತಿಯೂ ಅಳತೆಗೆ ಅಡ್ಡ ಬರುತ್ತದೆ. ಬ್ಯಾಂಕಿನ ಕೆಲಸ ಮಗ ವಹಿಸಿಕೊಂಡಿರುತ್ತಾನೆ, ಮಾತ್ರೆ ಸೊಸೆ ಎತ್ತಿಕೊಡುತ್ತಾಳೆ. ತಪ್ಪುವುದಕ್ಕೆ ಅವಕಾಶವೇ ಇಲ್ಲ. ಹಾಗಾಗಿ ವೈದ್ಯರಲ್ಲಿಗೆ ಹೋಗುವ ಮುನ್ನ ಇಷ್ಟನ್ನು ಯೋಚಿಸಿಟ್ಟುಕೊಳ್ಳಿ: ಅಪ್ಪ ಯಾವ ಕೆಲಸ ಬಿಟ್ಟರು, ಯಾವಾಗ, ಏಕೆ? ಮಂಡಿನೋವಿಗೆ ಅಂಗಡಿಗೆ ಹೋಗುವುದು ನಿಂತಿತೋ, ಚಿಲ್ಲರೆ ಲೆಕ್ಕ ತಪ್ಪತೊಡಗಿದ್ದಕ್ಕೋ?