ತಾಸೆ ಸದ್ದಿಗೆ ಅಡುಗೆಮನೆಗೆ ಓಡುವ ಹುಡುಗ: ಭಯ ಕಲಿಯುವ ಬಗೆ

ಮನಃಶಾಸ್ತ್ರದ ಈ ಪಾಠ ನನ್ನ ತಲೆಗೆ ಹತ್ತಿದ್ದು ಅಕ್ಕನ ಮಗನಿಂದ. ಆಗ ಅವನಿಗೆ ಮೂರು ವರ್ಷ. ಹುಲಿವೇಷದ ಜೊತೆ ಬಡಿಯುವ ತಾಸೆ ವಾದ್ಯ ಕೇಳಿದರೆ ಸೊಂಟ ಕುಣಿಸುತ್ತಿದ್ದ. ಉಡುಪಿಯ ರಥಬೀದಿಯಲ್ಲಿ ವಿಟ್ಲಪಿಂಡಿಯ ದಿನ, ಅಂದರೆ ಕೃಷ್ಣಾಷ್ಟಮಿಯ ಮರುದಿನ, ಒಂದು ಹುಲಿವೇಷ ಅವನ ಮುಖಕ್ಕೇ ಹಾರಿ ಬಂದು ಗರ್ಜಿಸಿತು. ಹುಡುಗ ಭಾವನ ಕುತ್ತಿಗೆ ಬಿಡಲಿಲ್ಲ. ಅವತ್ತಿನಿಂದ ಎಲ್ಲೋ ದೂರದಲ್ಲಿ ತಾಸೆ ಬಡಿದರೂ ಅಡುಗೆಮನೆಗೆ ಓಟ. ಹುಲಿ ಕಾಣಬೇಕೆಂದೇ ಇಲ್ಲ.

ಇದನ್ನು ಪುಸ್ತಕದ ಭಾಷೆಗೆ ತರೋಣ. ಮೈಮೇಲೆ ಹಾರಿ ಬಂದರೆ ಹೆದರಬೇಕು ಅಂತ ಯಾರೂ ಕಲಿಸಬೇಕಿಲ್ಲ. ಅದು ಅನನುಬಂಧಿತ ಪ್ರಚೋದನೆ. ಭಯದ ಮಟ್ಟಿಗೆ ತಾಸೆ ಮೊದಲು ತಟಸ್ಥ. ಹುಲಿಯ ಜೊತೆ ಸೇರಿ ಹೆದರಿಸಲು ಕಲಿತ ಮೇಲೆ ಅದು ಅನುಬಂಧಿತ ಪ್ರಚೋದನೆ. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡುವವರೇ ಜಾಸ್ತಿ. ನಾನೂ ಮಾಡಿದ್ದೆ. 'ಕಲಿಯದೆಯೇ ಹೆದರಿಸುವುದು ಯಾವುದು?' ಅಂತ ಕೇಳಿಕೊಳ್ಳಿ, ಸಾಕು.

ಮನಃಶಾಸ್ತ್ರಜ್ಞರಾದ ವಾಟ್ಸನ್ ಮತ್ತು ರೇನರ್ 1920ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಲೆಕ್ಕ. ಆಸ್ಪತ್ರೆಯಲ್ಲಿದ್ದ ಆಲ್ಬರ್ಟ್ ಎಂಬ 11 ತಿಂಗಳ ಮಗುವಿಗೆ ಬಿಳಿ ಇಲಿಯ ಭಯವೇ ಇರಲಿಲ್ಲ. ಅದು ಇಲಿಗೆ ಕೈಚಾಚಿದಾಗ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಇಲಿ, ಸದ್ದು ಏಳು ಸಲ ಜೋಡಿಯಾಗುವಷ್ಟರಲ್ಲಿ ಇಲಿ ಕಂಡರೇ ಅಳು. ಮೊಲ, ನಾಯಿ, ತುಪ್ಪಳದ ಕೋಟಿಗೂ ಭಯ ಹಬ್ಬಿತು. ಇದು ಸಾಮಾನ್ಯೀಕರಣ. ನಮ್ಮ ಹುಡುಗನಿಗೆ ಯಕ್ಷಗಾನದ ಚೆಂಡೆಯೂ ಆಗದಂತಾಯ್ತಲ್ಲ, ಹಾಗೆ. ಭಯ ಬಿಡಿಸುವ ಮೊದಲೇ ಆಲ್ಬರ್ಟ್ ಆಸ್ಪತ್ರೆ ಬಿಟ್ಟು ಹೋದ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸ್ವಂತ ಅನುಭವವೇ ಆಗಬೇಕೆಂದಿಲ್ಲ. ಅಮ್ಮ ಜಿರಳೆ ಕಂಡು ಕಿರುಚುವುದನ್ನು ನೋಡಿಯೂ ಮಗು ಕಲಿಯುತ್ತದೆ.

ಮತ್ತೆ, ಭಯ ತಾನಾಗಿ ಯಾಕೆ ಹೋಗುವುದಿಲ್ಲ? ಪಾಠದ ತಿರುಳು ಇಲ್ಲಿದೆ. ಅಡುಗೆಮನೆಗೆ ಓಡಿದ ಕೂಡಲೇ ಎದೆಬಡಿತ ಇಳಿಯುತ್ತದೆ. ಆ ನೆಮ್ಮದಿಯೇ ಬಹುಮಾನ. ಅದಕ್ಕೇ ಮುಂದಿನ ಸಲವೂ ಓಡುತ್ತಾನೆ. ತಾಸೆ ಬಡಿದರೂ ಏನೂ ಆಗುವುದಿಲ್ಲ ಅಂತ ತಿಳಿಯಲು ಅವಕಾಶವೇ ಸಿಗುವುದಿಲ್ಲ. ಮನಃಶಾಸ್ತ್ರಜ್ಞ ಮೌರರ್ 1947ರಲ್ಲಿ ಕೊಟ್ಟ ವಿವರಣೆ ಇದೇ: ಭಯ ಹುಟ್ಟುವುದು ಜೋಡಿಯಿಂದ, ಉಳಿಯುವುದು ತಪ್ಪಿಸಿಕೊಳ್ಳುವುದರಿಂದ. ನಾವೋ, ತಾಸೆ ಕೇಳದಿರಲಿ ಅಂತ ಟಿವಿ ಬೇರೆ ಜೋರು ಮಾಡುತ್ತಿದ್ದೆವು!

1924ರಲ್ಲಿ ಮನಃಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್, ಪೀಟರ್ ಎಂಬ ಹುಡುಗನ ಮೊಲದ ಭಯ ಬಿಡಿಸಿದ್ದನ್ನು ಪ್ರಕಟಿಸಿದರು. ಅವನು ತಿಂಡಿ ತಿನ್ನುವಾಗ ಮೊಲವನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ನಾವೂ ಹಾಗೇ ಮಾಡಿದೆವು. ಎದುರಿಗೆ ಗೋಳಿಬಜೆ, ಮೊಬೈಲಿನಲ್ಲಿ ತಾಸೆ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ. ಎರಡು ವಾರದಲ್ಲಿ ಬೆರಳಿನಿಂದ ತಟ್ಟೆ ಬಡಿಯತೊಡಗಿದ.

ಮುಂದಿನ ಅಷ್ಟಮಿಗೆ ಬೀದಿಯಲ್ಲಿ ನಿಜವಾದ ತಾಸೆ ಕೇಳಿದ್ದೇ ತಡ, ಮತ್ತೆ ಓಡಿದ. 'ಮಾಡಿದ್ದೆಲ್ಲ ನೀರಲ್ಲಿ ಹೋಮ' ಅಂದಳು ಅಕ್ಕ. ಹಾಗಲ್ಲ. ಹಳೆಯ ಜೋಡಿ ಅಳಿಸಿ ಹೋಗಿರುವುದಿಲ್ಲ, ಅದರ ಮೇಲೆ ಹೊಸ ಪಾಠ ಕೂತಿರುತ್ತದೆ. ದಿನ ಕಳೆದರೆ, ಜಾಗ ಬದಲಾದರೆ ಹಳೆಯದು ತಲೆಯೆತ್ತುತ್ತದೆ. ಅವತ್ತೇ ಸಂಜೆ ಅವನು ಭಾವನ ಹೆಗಲ ಮೇಲೆ ಕೂತು, ಎರಡೂ ಕಿವಿ ಮುಚ್ಚಿಕೊಂಡು ಗೇಟಿನ ತನಕ ಬಂದ.

'ಚಿಕ್ಕಿ, ಹುಲಿ ಹೋಯ್ತಾ?'